ಹಮೀದಾಕರ ದನಿ ಇದ್ದ ಲ್ಯಾಪ್‌ಟಾಪ್

ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಒಂದೇ ಸಾಲು: ಆಪರೇಟಿಂಗ್ ಸಿಸ್ಟಮ್ ಸಿಗುತ್ತಿಲ್ಲ. ಗುಂಡಿ ಒತ್ತಿ ಆರಿಸಿದೆ, ಮತ್ತೆ ಹಚ್ಚಿದೆ. ಅದೇ ಸಾಲು. ನೆತ್ತಿಯ ಮೇಲೆ ಫ್ಯಾನ್ ತಿರುಗುತ್ತಿದ್ದರೂ ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮ ಕಲಬುರಗಿಯ ಬಿಸಿಲು ಸುಟ್ಟರೂ ಬೆವರನ್ನಾದರೂ ಒಣಗಿಸುತ್ತದೆ. ಮಂಗಳೂರಿನಲ್ಲಿ ಆ ಉಪಕಾರವೂ ಇಲ್ಲ. ಆದರೆ ಆ ಮಧ್ಯಾಹ್ನದ ಬೆವರು ಸೆಕೆಯದ್ದಲ್ಲ, ಹೆದರಿಕೆಯದ್ದು. ಆ ಲ್ಯಾಪ್‌ಟಾಪಿನಲ್ಲಿ ನನ್ನ ರೋಗಿ ಹಮೀದಾಕರ ದನಿ ಇತ್ತು, ಅದನ್ನು ಮತ್ತೆ ದಾಖಲಿಸಲು ಅವರ ಗಂಟಲಲ್ಲಿ ದನಿಯೇ ಇರಲಿಲ್ಲ.

ನಾನು ಸ್ಪೀಚ್ ಥೆರಪಿಸ್ಟ್, ಮಾತು ಕಳೆದುಕೊಂಡವರಿಗೆ ಮಾತಿನ ದಾರಿ ಹುಡುಕಿಕೊಡುವವಳು. ಫಳ್ನೀರಿನ ಕ್ಲಿನಿಕ್ಕಿಗೆ ಬಂದ ಹೊಸತರಲ್ಲಿ ನನಗೇ ಮಾತು ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ತುಳು, ಮೀನಿನಂಗಡಿಯಲ್ಲಿ ಬ್ಯಾರಿ, ಓನರ್ ಮನೆಯಲ್ಲಿ ಕೊಂಕಣಿ. ನಾನು ಬಾಯಿ ತೆರೆದರೆ ಎಲ್ಲರೂ ಒಮ್ಮೆ ತಿರುಗಿ ನೋಡಿ, ಪುಸ್ತಕದಂಥ ಕನ್ನಡಕ್ಕೆ ಇಳಿಯುತ್ತಿದ್ದರು. ಕುಚ್ಚಲಕ್ಕಿಯ ದಪ್ಪ ಅನ್ನ ಗಂಟಲಿಗಿಳಿಯದೆ, ರೊಟ್ಟಿ ನೆನೆದು ಎಷ್ಟೋ ಸಂಜೆ ಅತ್ತಿದ್ದೇನೆ. ಜೋಳದ ಹಿಟ್ಟು ಸಿಗುವ ಅಂಗಡಿ ತೋರಿಸಿದವರು ಹಮೀದಾಕರೇ. ಹಿರಿಯರ ಹೆಸರಿಗೆ ಇಲ್ಲಿ 'ಕಾಕ' ಸೇರಿಸುತ್ತಾರೆ, ಹಮೀದ್ ಕಾಕ ಹಾಗೆ ಎಲ್ಲರ ಬಾಯಲ್ಲಿ ಹಮೀದಾಕ ಆಗಿದ್ದರು. ಕುದ್ರೋಳಿಯಲ್ಲಿ ಅವರದು ಹಗ್ಗ, ಬಲೆಗಳ ಅಂಗಡಿ.

ಗಂಟಲಿನ ಕ್ಯಾನ್ಸರಿಗೆ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಿತ್ತು. ಅದಕ್ಕೆ ಮೊದಲಿನ ತಿಂಗಳುಗಳಲ್ಲಿ, ನಾನಿಲ್ಲಿಗೆ ಬಂದ ಹೊಸತರಿಂದಲೇ, ಅವರ ದಿನಬಳಕೆಯ ಮಾತುಗಳನ್ನೆಲ್ಲ ನಾನು ದಾಖಲಿಸಿಟ್ಟೆ. ಮುಂದೆ ಅವರು ಫೋನಿನಲ್ಲಿ ಬೆರಳಿಟ್ಟರೆ ಅವರದೇ ದನಿ ಹೆಂಡತಿ ಐಸಮ್ಮನನ್ನು ಕರೆಯಬೇಕು, ಗಿರಾಕಿಯೊಡನೆ ಚೌಕಾಸಿ ಮಾಡಬೇಕು. ರೋಗಿಗಳ ದಾಖಲೆ ಹೊರಗೆಲ್ಲೂ ಇಡಬಾರದೆಂಬುದು ಕ್ಲಿನಿಕ್ಕಿನ ನಿಯಮವಾದ್ದರಿಂದ ಬೇರೆ ಪ್ರತಿ ಇರಲಿಲ್ಲ. ದನಿಯನ್ನು ಫೋನಿಗೆ ಹಾಕುವ ತಂತ್ರಾಂಶ ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಕೇಳಿತು. ಆ ಮಧ್ಯಾಹ್ನ ಹಾಕಲು ಕುಳಿತೆ. ಅರ್ಧದಲ್ಲಿ ಕರೆಂಟು ಹೋಯಿತು, ಹಳೆಯ ಬ್ಯಾಟರಿಯೂ ಕೈಕೊಟ್ಟಿತು.

ದನಿ ಒಯ್ಯಲೆಂದು ಗಂಡ ಹೆಂಡತಿ ಬರಬೇಕಾಗಿದ್ದದ್ದು ಅದೇ ದಿನ. ಬಂದರು. ನಾನು ವಿಷಯ ಹೇಳಿದೆ. ಹಮೀದಾಕ ಆಪರೇಷನ್ನಿನ ತೂತು ಮುಚ್ಚಿದ ಕತ್ತಿನ ಬಟ್ಟೆಯನ್ನು ಸರಿಪಡಿಸಿಕೊಂಡು ನೆಲ ನೋಡಿದರು. ಐಸಮ್ಮ ಮಾತ್ರ ಎದ್ದು ನಿಂತರು. "ಕೂತು ಎಂತ ಮಾಡುದು? ಹಂಪನಕಟ್ಟೆಗೆ ಹೋಗುವ, ನಡೀರಿ."

ಅಲ್ಲಿಯ ಕಂಪ್ಯೂಟರ್ ರಿಪೇರಿ ಅಂಗಡಿಯ ಪ್ರವೀಣ್ ನೋಡಿದವನೇ ಹೇಳಿದ: "ಎಂತ ಇಲ್ಲ ಮೇಡಂ. ಫಾರ್ಮ್ಯಾಟ್ ಮಾಡಿ ಕೊಡ್ತೇನೆ. ಎಲ್ಲ ಅಳಿಸಿದ್ರೆ ಹೊಸತರ ಹಾಗೆ ಆಗ್ತದೆ."

"ಹೊಸತು ಬೇಡ ಮಾರಾಯ," ಐಸಮ್ಮ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟರು. "ಇದರಲ್ಲಿ ಇವರ ಸ್ವರ ಉಂಟು."

ಪ್ರವೀಣ್ ಹಮೀದಾಕರ ಕತ್ತು ನೋಡಿದ. ಮತ್ತೆ ಫಾರ್ಮ್ಯಾಟ್ ಎಂಬ ಮಾತೆತ್ತಲಿಲ್ಲ. ಬೇರೊಂದು ಸಿಸ್ಟಮ್ ಇದ್ದ ಪೆನ್‌ಡ್ರೈವ್ ಚುಚ್ಚಿ ಅದರಿಂದ ಯಂತ್ರ ಎಬ್ಬಿಸಿದ. ಯಂತ್ರ ಎದ್ದಿತು, ಒಳಗಿನ ಡಿಸ್ಕ್ ಕಾಣಲಿಲ್ಲ. "ಗ್ಯಾರಂಟಿ ಹೇಳುದಿಲ್ಲ ನಾನು," ಎನ್ನುತ್ತ ಸ್ಕ್ರೂ ಬಿಚ್ಚಿ, ಡಿಸ್ಕನ್ನೇ ಹೊರತೆಗೆದು ತನ್ನ ಕಂಪ್ಯೂಟರಿಗೆ ಜೋಡಿಸಿದ. ಈ ಸಲ ಡಿಸ್ಕಿನ ಎರಡು ಭಾಗಗಳು ಕಂಡವು. ಮೊದಲನೆಯದು ಖಾಲಿ. ಎರಡನೆಯದು ತೆರೆಯಲು ಹೊತ್ತು ತೆಗೆದುಕೊಂಡಿತು. ಹೊರಗೆ ಬಸ್ಸಿನ ಕಂಡಕ್ಟರೊಬ್ಬ ಊರೂರ ಹೆಸರು ಕೂಗುತ್ತಿದ್ದ, ಅವನ ಗಂಟಲಿನ ಮೇಲೆ ನನಗೆ ವಿನಾಕಾರಣ ಸಿಟ್ಟು ಬಂತು.

ತೆರೆಯಿತು. ಕಡತಗಳಿದ್ದವು. ನಕಲು ಅರ್ಧದಲ್ಲಿ ನಿಂತಿತು, ಮತ್ತೆ ಹೊರಟು ಮುಗಿಯಿತು. ಆದರೆ ಕಡತ ಬಂದರೆ ದನಿ ಬಂದಂತೇನಲ್ಲ. "ಒಂದು ಹಾಕಿ ನೋಡುವ," ಎಂದು ಪ್ರವೀಣ್ ಎಲ್ಲಕ್ಕಿಂತ ಮೊದಲನೆಯದನ್ನು ಹಚ್ಚಿದ.

"ಹೆದರಬ್ಯಾಡ್ರೀ, ಇನ್ನೊಮ್ಮಿ ಅನ್ರಿ, ಜ್ವಾರಾಗಿ ಅನ್ರಿ," ಎಂದಳು ಕಡತದೊಳಗಿನ ಯಾರೋ ಒಬ್ಬ ಹೆಂಗಸು. ಆಮೇಲೆ ಹಮೀದಾಕರ ಒರಟು ದನಿ, ಅಂಗಡಿ ತುಂಬುವ ಹಾಗೆ: "ಐಸಾ!"

"ಓ," ಎಂದರು ಐಸಮ್ಮ, ಅಭ್ಯಾಸಬಲದಿಂದ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೂ ಅಳು ತಡೆಯಲಾಗಲಿಲ್ಲ.

ಪ್ರವೀಣ್ ಕೊನೆಯದನ್ನೂ ಹಚ್ಚಿದ. ಅದರಲ್ಲಿ ಆ ಹೆಂಗಸು, "ಅರ್ಜೆಂಟ್ ಇಲ್ಲ ಕಾಕ, ಟೈಮ್ ಉಂಟು, ಇನ್ನೊಮ್ಮೆ ಹೇಳುವ," ಎನ್ನುತ್ತಿದ್ದಳು.

"ಮೊದಲಿನದರಲ್ಲಿ ಮಾತಾಡಿದ್ದು ಯಾರು?" ಐಸಮ್ಮ ಕಣ್ಣೊರೆಸುತ್ತ ಕೇಳಿದರು.

"ನಾನೇ, ಎರಡರಲ್ಲೂ."

"ನೀವಾ? ಈಗ ಹಾಗೆ ಮಾತಾಡುದೇ ಇಲ್ಲ ಅಲ್ವಾ ನೀವು."

ಊರಿಗೆ ಫೋನ್ ಮಾಡಿದಾಗಲೆಲ್ಲ ತಂಗಿ, "ಮಂಗಳೂರಾಕಿ ಆಗೀದಿ ನೋಡು," ಎಂದು ಕಾಡಿಸುತ್ತಿದ್ದಳು, ನಾನು ಜಗಳವಾಡುತ್ತಿದ್ದೆ. ಇಲ್ಲಿಯವರಿಗೆ ನಾನಿನ್ನೂ ಆ ಕಡೆಯವಳೇ. ಹೆದರಬ್ಯಾಡ್ರೀ ಎಂಬ ಆ ಸಾಲನ್ನು ಅಲ್ಲೇ ಒಮ್ಮೆ ಹಳೆಯ ರೀತಿಯಲ್ಲಿ ಹೇಳಿ ನೋಡಿದೆ. ನಾಟಕದವರ ಮಾತಿನಂತೆ ಕೇಳಿಸಿತು. ನನಗೆ ನಾಚಿಕೆಯಾಯಿತು.

ಐಸಮ್ಮ ನಕ್ಕರು, ಪ್ರವೀಣನೂ ನಕ್ಕ. ಹಮೀದಾಕ ನಗಲಿಲ್ಲ. ನನ್ನ ಮುಖವನ್ನೇ ನೋಡಿದರು. ಆಮೇಲೆ ಕೈ ಚಾಚಿ ಮೊದಲನೆಯ ಕಡತವನ್ನು ಮತ್ತೆ ಹಚ್ಚಿದರು. ಹೆಂಗಸಿನ ಮಾತು ಮುಗಿದು ತಮ್ಮ ದನಿ ಬರುವ ಮೊದಲೇ ನಿಲ್ಲಿಸಿ, ಇನ್ನೊಮ್ಮೆ ಹಚ್ಚಿದರು, ನನಗಾಗಿ.