ಬಿಸಿಲಿಗಿಟ್ಟ ತೋಟೆಗಳು

ಆ ದಿನ ಏನೂ ಆಗಲಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ಅದಕ್ಕೆ ಅವರು ಕೊಡುವ ಸಾಕ್ಷ್ಯ ನನ್ನ ಎರಡು ಕಾಲು. ಕಾಲು ಉಳಿದದ್ದು ನಿಜ, ಆದರೆ ಅಷ್ಟರಿಂದ ಆ ವಾದ ಗೆಲ್ಲುವುದಿಲ್ಲ.

ವಂಡ್ಸೆ ಕಡೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವಿತ್ತು. ಲೈಸೆನ್ಸಿನ ಕೋವಿಯಿರುವ ನನ್ನ ಸೋದರಮಾವನಿಗೆ ಅದೊಂದು ಹುಚ್ಚು. ಆದರೆ ಆ ವರ್ಷ ಕುಂದಾಪುರದಲ್ಲಿ ಕೋವಿಗೆ ತುಂಬುವ ತೋಟೆಯೇ ಸಿಗಲಿಲ್ಲ, ಬೇರೆ ಕಡೆ ಇದ್ದದ್ದಕ್ಕೆ ಎರಡು ಪಟ್ಟು ಬೆಲೆ. ಅಭ್ಯಾಸಕ್ಕೆಂದು ಮಾವ ಅಟ್ಟದಿಂದ ಹಳೆಯ ತೋಟೆಗಳ ಡಬ್ಬ ಇಳಿಸಿದರು. ಮಳೆಗಾಲದ ತೇವಕ್ಕೆ ಅವುಗಳ ತಳ ಹಸಿರುಗಟ್ಟಿತ್ತು. ಅಂಗಳದಲ್ಲಿ ಹಪ್ಪಳ ಒಣಗಿಸುವ ಚಾಪೆಯ ಮೇಲೆ ಹರಡಿದರು.

“ಹಾಳಾದ್ದ್ ಒಣಗಿದ್ರೆ ಹೊಸತ್ ಆತ್ತಾ ಮಾವ?” ಎಂದೆ.

“ಬಿಸ್ಲ್ ಕಂಡ್ರೆ ಎಲ್ಲ ಸರಿ ಆತ್ತ್ ಮಾರಾಯ. ನಿನ್ ಡಿಬೇಟ್ ಕಾಲೇಜಲ್ ಇಟ್ಕೋ.”

ಸಂಜೆ ಗದ್ದೆಯಲ್ಲಿ ನನ್ನನ್ನು ಪಕ್ಕ ನಿಲ್ಲಿಸಿಕೊಂಡು ಮಾವ ಒಣಗಿದ ತೋಟೆಯೊಂದನ್ನು ತುಂಬಿ ಕೋವಿಯ ಕುದುರೆಯನ್ನು ಬೆರಳಿನಿಂದ ಎಳೆದರು. ಟಕ್ ಎಂದಿತು, ಅಷ್ಟೇ. “ಎಂತ ಆಯ್ತ್ ಇದಕ್ಕೆ?” ಎನ್ನುತ್ತ ಕೋವಿ ಸಮೇತ ನನ್ನತ್ತ ತಿರುಗಿದರು. ಆಗ ಸಿಡಿಯಿತು. ನನ್ನ ಬಲಗಾಲಿನ ಪಕ್ಕದ ಮಣ್ಣು ಮುಖಕ್ಕೆ ಹಾರಿತು. ಕಿವಿಯಲ್ಲಿ ಬರೀ ಶಿಳ್ಳೆ. ಕಾಲಿದೆಯೇ ಎಂದು ಬಗ್ಗಿ ನೋಡುವ ಧೈರ್ಯ ಬರಲಿಲ್ಲ, ಕೈಯಿಂದ ತಡವಿಕೊಂಡೆ.

ತೋಟೆಯ ಬೆಲೆ ಇನ್ನೂ ಇಳಿದಿಲ್ಲ. ಮುಂದಿನ ವಾರ ಮತ್ತೆ ಪಂದ್ಯವಿದೆ. ನಿನ್ನೆ ಮಾವ ಉಳಿದ ಏಳು ತೋಟೆಗಳನ್ನು ಲುಂಗಿಯಲ್ಲಿ ಒಂದೊಂದಾಗಿ ಒರೆಸುತ್ತ ಕೂತಿದ್ದರು. ನಾನು ಬಾಗಿಲಲ್ಲೇ ನಿಂತೆ. ಅಲ್ಲಿಂದಲೇ ಕೇಳಿದೆ:

“ಮಾವ, ಈ ಸಲ ನಿಮ್ ಪಕ್ಕ ಯಾರನ್ ನಿಲ್ಸ್ತ್ರಿ?”