ಗಂಡಿಲಿಯ ರಕ್ತ

ಮದುವೆಗೆ ಮುಂಚೆ ಇಲಿಗಳ ಸಂಸಾರದಲ್ಲಿ ಮೂಗು ತೂರಿಸುವುದೇ ನನ್ನ ಕೆಲಸವಾಗಿತ್ತು. ಇಲಿಗಳು ಕೂಡಿದ ಮೇಲೆ ಗಂಡಿನಲ್ಲಿ ಯಾವ ಹಾರ್ಮೋನು ಏರುತ್ತದೆ, ಹೆಣ್ಣಿನಲ್ಲಿ ಯಾವುದು ಎಂದು ರಕ್ತ ತೆಗೆದು ನೋಡಿ ಪಿಎಚ್‌ಡಿ ಮಾಡಿದವಳು ನಾನು. ಗಂಡಿಲಿಗೆ ಹೆಣ್ಣಿನ ವಾಸನೆ ಬಡಿದರೆ ಸಾಕು, ಟೆಸ್ಟೋಸ್ಟೆರಾನ್ ಏರುತ್ತದೆ, ಸ್ವಲ್ಪ ಹೊತ್ತಿಗೆ ಇಳಿದೂ ಬಿಡುತ್ತದೆ. ಹೆಣ್ಣಿಲಿಗೆ ಅಷ್ಟು ಸುಲಭವಿಲ್ಲ. ಅವಳ ಪ್ರೊಲ್ಯಾಕ್ಟಿನ್ ದಿನಗಟ್ಟಲೆ ಏರಿಳಿದು ಬಸಿರಿಗೆ ಮೈಯನ್ನು ಸಜ್ಜುಮಾಡುತ್ತದೆ. ಒಂದೇ ಕಡೆಯ ರಕ್ತ ನೋಡಿ ವರದಿ ಬರೆದರೆ ನಮ್ಮ ಗೈಡ್ ಅದನ್ನು ಮುಖಕ್ಕೆ ಎಸೆಯುತ್ತಿದ್ದರು.

ಮದುವೆಯಾಗಿ ತೆಕ್ಕಟ್ಟೆಗೆ ಬಂದೆ. ಕೆಲವು ವರ್ಷ ಕಳೆದರೂ ಮಗುವಾಗಲಿಲ್ಲ. ಅತ್ತೆ ನನಗೆ ಬ್ರಹ್ಮಾವರದ ಕಷಾಯ ಕುಡಿಸಿದರು, ಬೈಂದೂರಿನ ಲೇಹ್ಯ ನೆಕ್ಕಿಸಿದರು, ಕೊನೆಗೆ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದರು. ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ತೋಳು ನೀಲಿಗಟ್ಟಿತು. ನನ್ನ ರಿಪೋರ್ಟೆಲ್ಲ ಸರಿಯಿತ್ತು.

"ಗಂಡ ಎಲ್ಲಿ?" ಎಂದು ಡಾಕ್ಟರಮ್ಮ ಕೇಳಿದರು.

"ಅವ್ನಿಗ್ ಎಂತ ಆಯ್ತ್? ಗುಂಡ್ ಕಲ್ಲಿನಂಗ್ ಇದ್ದ" ಎಂದರು ಅತ್ತೆ.

ನನಗೆ ಮೈಯೆಲ್ಲ ಉರಿಯಿತು. ಗುಂಡುಕಲ್ಲು ತನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಆರಾಮವಾಗಿ ಮೊಳೆ ತೂಗುತ್ತಿತ್ತು.

ಆ ಮಧ್ಯಾಹ್ನ ಬಂಗುಡೆ ಸಾರಿನ ಊಟಕ್ಕೆ ಮೂವರೂ ಕೂತಿದ್ದಾಗ ತಡೆಯಲಾಗಲಿಲ್ಲ.

"ಅತ್ತೆ, ನಾನ್ ಗಂಡಿಲಿದೂ ರಕ್ತ ತೆಗಿತಿದ್ದೆ."

"ಇಲಿಗೂ ಎರಡ್ ಕಡೆ ಕಾಂಬುದಾ?" ಅತ್ತೆಯ ಕೈಯ ಸೌಟು ನಿಂತಿತು.

"ನಾನೆಂತ ಇಲಿಯಾ?" ಎಂದು ಗಂಡ ಕೆರಳಿದರು.

"ಹ್ವಾಯ್, ಇಲಿ ಇಷ್ಟ್ ಹೆದ್ರುದಿಲ್ಲೆ" ಎಂದೆ ನಾನು.

ಈಗ ಬೈಗುಳ ಬಂತು ಎಂದು ತಲೆ ತಗ್ಗಿಸಿದೆ. ಬಂದದ್ದು ಬೇರೆ. ಮಗನ ತಟ್ಟೆಗೆ ಹೊರಟಿದ್ದ ಮೀನಿನ ಹೋಳನ್ನು ಅತ್ತೆ ನನ್ನ ತಟ್ಟೆಗೆ ಹಾಕಿದರು.

"ನೀ ಹುಟ್ಟುಕ್ ಮುಂಚೆ ಕಂಡ್ ಕಂಡ್ ಮದ್ದೆಲ್ಲ ನಾನೊಬ್ಳೇ ಕುಡ್ದೆ ಮಗಾ. ನಿನ್ ಅಪ್ಪಯ್ಯನ್ನ್ ಒಂದಿನ ಯಾರೂ ಕೇಂಡಿಲ್ಲೆ. ನಾಳೆ ಅಂಗ್ಡಿಗೆ ನಾ ಕೂಕಂತೆ. ನೀ ಹೋಯ್ ಬಾ."

ಮರುದಿನ ಅತ್ತೆ ಅಂಗಡಿಯಲ್ಲಿ ಕೂತರು. ಕುಂದಾಪುರದಲ್ಲಿ ನನ್ನ ಗಂಡ ಕಣ್ಣು ಮುಚ್ಚಿ ತೋಳು ಚಾಚಿ, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. ಸೂಜಿ ತಾಗುವ ಮುಂಚೆಯೇ "ಅಮ್ಮಾ" ಎಂದರು. ನಗು ಬಂತು, ಹಿಂದೆಯೇ ಅಳುವೂ ಬಂತು. ಒಬ್ಬರೇ ಮದ್ದು ಕುಡಿದ ಆ ದಿನಗಳಲ್ಲಿ ಆ ಅಮ್ಮ ಯಾರ ಕೈ ಹಿಡಿದುಕೊಂಡಿದ್ದರೋ.