ಗಾಜಿನ ಒರಟು ಮುಖ

ಫೋಟೋ ಮಾಸ್ತರನ ಹೆಂಡತಿಗೆ ಓಣಿಯವರು ಇಟ್ಟ ಹೆಸರು ಗಾಜಮ್ಮ. ಬೆಳಗಾದರೆ ಸಾಕು, ಹಿತ್ತಲ ನಲ್ಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಸ್ಲೇಟಿನಷ್ಟು ಅಗಲದ ಒಂದು ಗಾಜನ್ನು ಎಳೆಗೂಸಿಗೆ ಎರೆದಂತೆ ತೊಳೆಯುತ್ತಿದ್ದಳು. “ತೊಳೆಯೋಕೆ ಅವಳು, ನೋಡೋಕೆ ಅವನು. ಆ ಗಾಜೇ ಅವರ ಸಂಸಾರ” ಎಂದು ಪಕ್ಕದ ಮನೆಯ ದರ್ಜಿಯ ಹೆಂಡತಿ ಆಡಿಕೊಳ್ಳುತ್ತಿದ್ದಳು. ಮಕ್ಕಳಿಲ್ಲದ ಮನೆ, ಆ ಮಾತಿನಲ್ಲಿ ಒಂದು ಮುಳ್ಳೂ ಇತ್ತು.

ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಅಲ್ಲಿ ಮೂರು ಕಾಲಿನ ಮೇಲೆ ಕರಡಿಯ ಹಾಗೆ ನಿಂತಿತ್ತು ಮಾಸ್ತರನ ಅಪ್ಪನ ಕಾಲದ ಕ್ಯಾಮರಾ. ಮರದ ಮೈ, ಹಿತ್ತಾಳೆಯ ತಿರುಪು, ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ತೊಗಲಿನ ಹೊಟ್ಟೆ. ಮುಂದೆ ಲೆನ್ಸು, ಹಿಂದೆ ಈ ಗಾಜು. ಗಾಜಿನ ಒಂದು ಮುಖ ನುಣುಪು, ಇನ್ನೊಂದು ಒರಟು. ಒರಟು ಮುಖ ಲೆನ್ಸಿನ ಕಡೆಗೇ ಇರಬೇಕು. ಚಿತ್ರ ಮೂಡುವುದು ಅದರ ಮೇಲೆ, ಆಮೇಲೆ ಫಿಲ್ಮು ಬಂದು ಕೂರುವುದೂ ಕೂದಲೆಳೆ ತಪ್ಪದೆ ಅದೇ ಜಾಗದಲ್ಲಿ. ಗಾಜನ್ನು ತಿರುವಿ ಕೂರಿಸಿದರೆ ಅದರ ದಪ್ಪದಷ್ಟು ಅಳತೆ ತಪ್ಪುತ್ತದೆ. ಗಾಜಿನಲ್ಲಿ ಚೊಕ್ಕವಾಗಿ ಕಂಡ ಮುಖ ಫಿಲ್ಮಿನಲ್ಲಿ ಹಬೆ ಹಿಡಿದಂತೆ ಬರುತ್ತದೆ.

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಗಾಜು ತೊಳೆದು ತಿರುವಿ ಕೂರಿಸಿದಳು. ಆ ದಿನ ತೆಗೆದ ಒಂಬತ್ತು ಫೋಟೋಗಳೂ ಮಸುಕಾದವು. ಮಾಸ್ತರ ಹೊಡೆಯಲಿಲ್ಲ. ಆ ಒಂಬತ್ತರಲ್ಲಿ ಒಂದಕ್ಕೆ ಚೌಕಟ್ಟು ಹಾಕಿಸಿ, ಬಂದವರಿಗೆಲ್ಲ ಕಾಣುವಂತೆ ಸ್ಟುಡಿಯೋದ ಗೋಡೆಗೆ ನೇತುಹಾಕಿದ. “ಇದು ನನ್ನ ಹೆಂಡತಿ ಕೈಚಳಕ” ಎಂದು ಪ್ರತಿಯೊಬ್ಬ ಗಿರಾಕಿಗೂ ತೋರಿಸಿದ. ಇಪ್ಪತ್ತಾರು ವರ್ಷ ತೋರಿಸಿದ. ಹೊಡೆದಿದ್ದರೆ ಒಂದು ವಾರದಲ್ಲಿ ಮಾಯುತ್ತಿತ್ತು.

ಆ ಗಾಜನ್ನು ಅವನು ಮತ್ತೆ ಕೈಯಲ್ಲಿ ಹಿಡಿಯಲಿಲ್ಲ. ತೊಳೆಯುವುದು, ಕೂರಿಸುವುದು ಅವಳ ಪಾಲಿಗೆ ಬಿತ್ತು. ಬೀಳುತ್ತಾ ಬೀಳುತ್ತಾ ಉಳಿದ ಕೆಲಸವೂ ಬಿತ್ತು. ತೊಗಲಿನ ಮಡಿಕೆಗಳಲ್ಲಿ ಸೂಜಿಮೊನೆಯಷ್ಟು ತೂತು ಹುಡುಕಿ ತೇಪೆ ಹಾಕಿದಳು. ಫಿಲ್ಮಿನ ಹಾಳೆಯ ಮೂಲೆಯ ಕಚ್ಚನ್ನು ಬೆರಳಲ್ಲೇ ತಡವಿ, ಕಗ್ಗತ್ತಲಲ್ಲಿ ಅದನ್ನು ಚಪ್ಪಟೆ ಪೆಟ್ಟಿಗೆಗೆ ತುಂಬಲು ಕಲಿತಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕ್ಯಾಮರಾದ ಹಿಂದಿನ ಕರಿಬಟ್ಟೆಯೊಳಗೆ ತಲೆ ತೂರಿಸಿ ನೋಡುತ್ತಿದ್ದಳು. ಗಾಜಿನಲ್ಲಿ ಓಣಿಯೇ ತಲೆಕೆಳಗಾಗಿ ತೂಗುತ್ತಿತ್ತು. ಸೈಕಲ್ಲುಗಳು ಆಕಾಶದಲ್ಲಿ ಉರುಳುತ್ತಿದ್ದವು, ಬಾಯಿಬಡುಕಿ ದರ್ಜಿಯ ಹೆಂಡತಿ ಬಾವಲಿಯಂತೆ ಜೋತು ಸದ್ದಿಲ್ಲದೆ ಬಟ್ಟೆ ಒಣಗಿಸುತ್ತಿದ್ದಳು. ಆ ಕತ್ತಲಲ್ಲಿ ಯಾರೂ ಅವಳನ್ನು ಏನೂ ಅನ್ನುವಂತಿರಲಿಲ್ಲ.

ಮಾಸ್ತರನ ಕಣ್ಣಿಗೆ ಪೊರೆ ಬಂದಿತು. ಅಲ್ಲಿಂದ ಮುಂದೆ ಬಟ್ಟೆಯೊಳಗೆ ಹೋಗಿ ತಿರುಪು ತಿರುಗಿಸಿ ಚಿತ್ರ ಚೊಕ್ಕ ಮಾಡುವವಳು ಅವಳೇ ಆದಳು. “ಧೂಳು ಒರೆಸ್ತಾಳೆ” ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ. ಗುಂಡಿ ಒತ್ತುವವನು ಮಾತ್ರ ಅವನೇ.

ಒಮ್ಮೆ ಅವನು ಕಣ್ಣಿನ ಡಾಕ್ಟರ ಬಳಿ ಹೋದಾಗ ಅವಳ ಅಮ್ಮ ಬಂದಿದ್ದಳು. ಹುಟ್ಟಿದಂದಿನಿಂದ ಒಂದೂ ಫೋಟೋ ತೆಗೆಸಿಕೊಂಡವಳಲ್ಲ ಆ ಮುದುಕಿ. ಮಗಳು ಅವಳನ್ನು ಕರಿ ಪರದೆಯ ಮುಂದೆ ಕೂರಿಸಿದಳು. ಉಟ್ಟದ್ದೂ ಕರಿಸೀರೆ, ಗಾಜಿನಲ್ಲಿ ಕಂಡದ್ದು ಒಂದು ಮುಖ, ಎರಡು ಕೈ, ಅಷ್ಟೇ.

“ಅದೇನೇ, ಅಷ್ಟು ಹೊತ್ತು ಒಳಗೇ ಇದ್ದೀಯ?” ಎಂದಳು ಅಮ್ಮ.

“ನಿನ್ನ ನೋಡ್ತಿದ್ದೀನಮ್ಮ. ಅಲ್ಲಾಡಬೇಡ.”

ಅವಳು ತನ್ನ ಕೈಯಾರೆ ತೆಗೆದ ಮೊದಲ ಫೋಟೋ ಅದು. ಫಿಲ್ಮಿನ ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಕಡೆ ಬಿಳಿ ಅಂಚು, ಇನ್ನೊಂದು ಕಡೆ ಕರಿ. ಬಿಳಿ ಹೊರಗಿದ್ದರೆ ಒಳಗಿರುವುದು ಹೊಸ ಫಿಲ್ಮು, ಕರಿ ಹೊರಗಿದ್ದರೆ ಫೋಟೋ ತೆಗೆದಾಗಿದೆ. ಅವಳು ಕರಿ ಅಂಚು ಹೊರಗೆ ಮಾಡಿ ಕೆಳಗಿನ ಹಲಗೆಯ ಮೇಲಿಟ್ಟಳು. ಫಿಲ್ಮು ತೊಳೆಯುವುದು ವಾರಕ್ಕೊಮ್ಮೆ. ಆ ದಿನ ಬರುವ ಮೊದಲೇ ಸುದ್ದಿ ಬಂತು: ಅಮ್ಮ ತೀರಿಕೊಂಡಿದ್ದಳು.

ಗಾಜಮ್ಮ ತವರಿಗೆ ಹೋದ ಮೂರು ದಿನದಲ್ಲಿ ಗಿರಣಿಯ ಯಜಮಾನರು ಸಂಸಾರ ಸಮೇತ ಫೋಟೋಕ್ಕೆ ಬಂದರು. ಮಕ್ಕಳೆಲ್ಲ ಅವತ್ತೇ ಹಡಗು ಹತ್ತುವವರು. ಹೆಂಡತಿ ಬರಲಿ ಎಂದು ಹೇಳಲು ಮಾಸ್ತರನಿಗೆ ಬಾಯಿ ಬರಲಿಲ್ಲ. ಹಿಂದಿನ ವಾರ ಅವಳು ಚೊಕ್ಕ ಮಾಡಿ ನೆಲದ ಮೇಲೆ ಹಾಕಿದ್ದ ಗುರುತಿಗೇ ಎಲ್ಲರನ್ನೂ ನಿಲ್ಲಿಸಿ, ಕೈಗೆ ಸಿಕ್ಕ ಪೆಟ್ಟಿಗೆ ಸಿಕ್ಕಿಸಿ ಒಂದೇ ಫೋಟೋ ತೆಗೆದ. ಪೊರೆಗಣ್ಣಿಗೆ ಬಿಳಿ ಅಂಚೂ ಒಂದೇ, ಕರಿ ಅಂಚೂ ಒಂದೇ.

ಅವಳು ಬಂದು ಕತ್ತಲಲ್ಲಿ ಆ ಫಿಲ್ಮನ್ನು ತೊಳೆದು ದೀಪ ಹಾಕಿದಳು. ತಟ್ಟೆಯ ನೀರಿನಲ್ಲಿ ಯಜಮಾನರ ಸಂಸಾರ ಎದ್ದಿತು. ಯಜಮಾನರ ಕರಿಕೋಟಿನ ನಟ್ಟನಡುವೆ ಇನ್ನೊಂದು ಮುಖವೂ ಎದ್ದಿತು. ಅವರ ತೊಡೆಯ ಮೇಲೆ ಎರಡು ಕೈ.

“ಏನಾಯ್ತೇ?” ಎಂದ ಮಾಸ್ತರ.

ಅವಳು ಎಲ್ಲವನ್ನೂ ಹೇಳಿದಳು. ಅವನು, “ಬದುಕಿದ್ದಾಗ ಬಂದು ಉಂಡು ಹೋದ್ಳು. ಸತ್ತ ಮೇಲೆ ತಟ್ಟೇನೇ ಕಿತ್ಕೊಳ್ಳೋಕೆ ಬಂದ್ಳಾ ಮುದುಕಿ?” ಎಂದ.

ಯಜಮಾನರ ಮಕ್ಕಳು ಮತ್ತೆ ಸೇರುವಂತಿರಲಿಲ್ಲ. ಉಳಿದದ್ದು ಒಂದೇ ದಾರಿ: ತಿದ್ದುವ ಚಾಕುವಿನಿಂದ ಫಿಲ್ಮಿನ ಮೇಲಿನ ಆ ಮುಖವನ್ನೂ ಕೈಗಳನ್ನೂ ಕೆರೆದು ತೆಗೆಯುವುದು. ಅದಕ್ಕೆ ಕಣ್ಣು ಬೇಕು. ಮನೆಯಲ್ಲಿ ಕಣ್ಣಿದ್ದವಳು ಅವಳೊಬ್ಬಳೇ.

“ಕೆರೀತೀನಿ ಕಣ್ರೀ” ಎಂದಳು ಅವಳು. “ಅದಕ್ಕೆ ಮುಂಚೆ ಇದನ್ನ ಇರೋ ಹಾಗೇ ಒಂದು ಪ್ರಿಂಟು ಹಾಕ್ಕೊಡಿ. ಒಂದೇ ಒಂದು. ಅಮ್ಮನದು ಬೇರೆ ಫೋಟೋ ಇಲ್ಲ.”

“ಯಜಮಾನ್ರ ಎದೆ ಮೇಲೆ ನಿಮ್ಮಮ್ಮ ಕೂತಿರೋದನ್ನ ಊರಿಗೆಲ್ಲ ತೋರಿಸೋಕಾ?” ಎಂದು ಅವನು ಪ್ರಿಂಟಿನ ಕಾಗದದ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಕೊರಳಿನ ದಾರಕ್ಕೆ ಕಟ್ಟಿಕೊಂಡ.

ನಾಲ್ಕು ದಿನ ಕೆರೆದಳು. ಅವನು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾದ. ಫಿಲ್ಮಿನಲ್ಲಿ ಬಿಳಿಯೆಲ್ಲ ಕಪ್ಪು. ಅಮ್ಮನ ನರೆಗೂದಲು ಹರೆಯದವಳ ತಲೆಯಂತೆ ಕಪ್ಪಾಗಿ ಕಂಡಿತು. ಮೊದಲು ಕೈಗಳನ್ನು ತೆಗೆದಳು, ಬೆರಳು ಬೆರಳಾಗಿ. ಆಮೇಲೆ ಗಲ್ಲ, ಕೆನ್ನೆ, ತಲೆಗೂದಲು. ಚಾಕು ಒಂದಿಷ್ಟು ಆಳಕ್ಕಿಳಿದರೆ ಯಜಮಾನರ ಕೋಟು ಹರಿದಂತೆ ಕಾಣುತ್ತದೆ. ಉಸಿರು ಬಿಗಿಹಿಡಿದು ಕೆರೆಯಬೇಕು. ಕೊನೆಯ ದಿನ ಅವಳ ಚಾಕು ನಿಂತಿತು.

“ಇನ್ನೆಷ್ಟಿದೆ?”

“ಕಣ್ಣು ಉಳಿದಿದೆ.”

“ಮುಗಿಸು ಮುಗಿಸು. ಅದೇನು ನಿನ್ನ ನೋಡಲ್ಲ.”

ಮುಗಿಸಿದಳು. ಯಜಮಾನರು ಫೋಟೋ ನೋಡಿ, ಕೋಟಿನ ಗುಂಡಿಯೂ ಎಣಿಸುವಂತಿದೆ, ಕೈ ಅಂದರೆ ಮಾಸ್ತರದೇ ಎಂದು ಹೊಗಳಿ ಹೋದರು. ಗಾಜಮ್ಮ ಮೂಲೆಯಲ್ಲಿ ಕರಿಬಟ್ಟೆ ಮಡಿಸುತ್ತಾ ನಿಂತಿದ್ದಳು.

ಮುಂದಿನ ತಿಂಗಳು ಮಾಸ್ತರನ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಲು ಇನ್ನೊಂದು ದಿನವಿತ್ತು. ಹೊಸ ಕಣ್ಣು ಬಂದಮೇಲೆ ಇನ್ನಿವಳ ಹಂಗಿಲ್ಲ, ಮೊದಲ ಫೋಟೋ ಗಿರಣಿ ಯಜಮಾನರ ಮೊಮ್ಮಗಳದು ಎಂದು ಅವನು ಕೂತಲ್ಲಿಂದಲೇ ದರ್ಜಿಗೆ ಕೂಗಿ ಹೇಳಿದ್ದು ಅಡುಗೆಮನೆಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಗಾಜಮ್ಮ ಎಂದಿನಂತೆ ಗಾಜು ತೊಳೆದಳು. ಒರೆಸಿದಳು. ಹೆಬ್ಬೆರಳಿನಿಂದ ಒಂದು ಮುಖ ಸವರಿದಳು, ಇನ್ನೊಂದು ಮುಖ ಸವರಿದಳು. ಒರಟು ಮುಖವನ್ನು ತನ್ನ ಕಡೆಗೆ ತಿರುವಿಕೊಂಡು, ನುಣುಪನ್ನು ಲೆನ್ಸಿಗೆ ತೋರಿಸಿ ಚೌಕಟ್ಟಿನಲ್ಲಿ ಕೂರಿಸಿದಳು. ನಾಲ್ಕೂ ತಿರುಪು ಬಿಗಿದಳು. ಆಮೇಲೆ ಸ್ಟೂಲು ಹತ್ತಿ ಗೋಡೆಯ ಮೇಲಿನ ಮಸುಕು ಫೋಟೋ ಇಳಿಸಿದಳು.

“ಅಕ್ಕನ ಮನೆಗೆ ಹೋಗ್ತೀನಿ” ಎಂದಳು. “ಗೋಡೆ ಮೇಲಿದ್ದ ನನ್ನ ಫೋಟೋ ತಗೊಂಡಿದ್ದೀನಿ.”

ಪಟ್ಟಿ ಕಟ್ಟಿದ ಮುಖ ಈ ಕಡೆ ತಿರುಗಿ ನಕ್ಕಿತು. “ತಗೊಂಡ್ಹೋಗು. ನೀನು ಮಾಡಿದ್ದು ಅದೊಂದೇ ತಾನೆ. ಗಾಜು ತೊಳೆದ್ಯಾ?”

“ತೊಳೆದು ಕೂರಿಸಿದ್ದೀನಿ.”

ಬಾಗಿಲಲ್ಲಿ ದರ್ಜಿಯ ಹೆಂಡತಿ ಪೊರಕೆ ಹಿಡಿದು ನಿಂತಿದ್ದಳು. ಇವಳ ಕೈಯಲ್ಲಿ ಬಟ್ಟೆಯ ಗಂಟು ಕಂಡು, “ಏನು ಗಾಜಮ್ಮ, ಹಿಂಗೆ ಹೊರಟೆ? ಮಾಸ್ತರನ್ನ ನೋಡ್ಕೊಳ್ಳೋರು ಯಾರು?” ಎಂದಳು.

“ಅವರಿಗೇನಕ್ಕ, ಹೊಸ ಕಣ್ಣು ಬಂದಿದೆ” ಎಂದು ಗಾಜಮ್ಮ ಮೆಟ್ಟಿಲಿಳಿದು ನಡೆದಳು.